ಹಿಡಿಯಕ್ಕಿ ಡಬ್ಬಿಯ ಮುಚ್ಚಳ

“ಡಬ್ಬಿ ತಗೊಳ್ಳೇನವ್ವಾ?”

ಚರ್ಚಿನ ಉಪದೇಶಿ ಸಮುವೇಲಪ್ಪನವರು ರಸ್ತೆಯ ಆ ಬದಿಯಿಂದಲೇ ಕೂಗಿದರು. ಮೂಗು, ಬಾಯಿಗೆ ಬಿಳಿ ವಸ್ತ್ರ ಕಟ್ಟಿಕೊಂಡಿದ್ದರು. ಕಣ್ಣು ಮಾತ್ರ ಕಾಣುತ್ತಿತ್ತು.

“ತಗೊಳ್ರಿ ತಾತ,” ಎಂದಳು ಜೀವರತ್ನ, ಬಾಗಿಲಲ್ಲಿ ನಿಂತು.

“ಪರವಾಗಿಲ್ಲ, ನನ್ ಗುರುತು ಹಿಡಿದೆ. ನಮ್ ಮನಿ ನಾಯೀನೇ ನಿನ್ನೆ ನನ್ನ ನೋಡಿ ಬೊಗಳ್ತು!”

ಜೀವರತ್ನಳಿಗೆ ನಗು ಬಂತು. ಜೊತೆಗೆ ನಗುವವರು ಯಾರೂ ಇಲ್ಲದ್ದರಿಂದ ಅದು ಅಲ್ಲೇ ನಿಂತುಹೋಯಿತು.

ಉಪದೇಶಿಗಳು ಕಟ್ಟೆಯ ಹತ್ತಿರ ಬಂದು, ಡಬ್ಬಿಯಲ್ಲಿದ್ದ ಒಂದು ಹಿಡಿ ನುಚ್ಚನ್ನು ಚೀಲಕ್ಕೆ ಸುರಿದುಕೊಂಡರು. ಮುಚ್ಚಳ ಮತ್ತೆ ಹಾಕಿದರು.

“ಅವ್ವ ಆರಾಮಾ?”

“ಆರಾಮ್ರಿ.”

ಅವರು ಓಣಿ ತಿರುಗಿ ಮರೆಯಾದರು. ಜೀವರತ್ನ ಇನ್ನೂ ಅಲ್ಲೇ ನಿಂತಿದ್ದಳು. ಅವಳು ಹೇಳಿದ್ದು ಸುಳ್ಳು. ಅವ್ವ ಜ್ವರದಿಂದ ಮಲಗಿ ಅಂದಿಗೆ ನಾಲ್ಕು ದಿನ.

ಅದು 1957ರ ಮಳೆಗಾಲ. ಹರಿಹರದಲ್ಲಿ ಮನೆಮನೆಗೂ ಫ್ಲೂ ಬಂದಿತ್ತು. ಸ್ಕೂಲಿಗೆ ರಜೆ. ಪಕ್ಕದ ಮನೆಯ ಹಜೀರಾಬೀ ಕೂಡ ಹಾಸಿಗೆ ಹಿಡಿದಿದ್ದರು. ಅಪ್ಪ ದಾವಣಗೆರೆಯ ಮಿಲ್ಲಿನಲ್ಲಿದ್ದ. “ಇಲ್ಲೂ ಜ್ವರ ಐತೆ, ಕಡಿಮೆ ಆಗೋವರೆಗೂ ಊರಿಗೆ ಬರಲ್ಲ” ಎಂದು ಕಾರ್ಡು ಬರೆದಿದ್ದ.

ಚರ್ಚೂ ಮುಚ್ಚಿತ್ತು. ಮುಚ್ಚುವ ಮುಂಚೆ ಪಾದ್ರಿ ಅಯ್ಯನವರು ಚರ್ಚಿನವರ ಎಲ್ಲ ಮನೆಗಳ ಮುಂದೆಯೂ, ದೂರದಲ್ಲೇ ನಿಂತು, ಹೇಳಿ ಹೋಗಿದ್ದರು:

“ಭಾನುವಾರ ಒಂಬತ್ತಕ್ಕೆ ಗಂಟೆ ಹೊಡಸ್ತೀನಿ. ಯಾರೂ ಚರ್ಚಿಗೆ ಬರಬ್ಯಾಡ್ರಿ. ನಿಮ್ ನಿಮ್ ಬಾಗಿಲಾಗೆ ಕೂತು, ಎಲ್ಲಾರೂ ಒಂದೇ ಕೀರ್ತನೆ ಹಾಡ್ರಿ. ಇನ್ನ ಹಿಡಿಯಕ್ಕಿ ಡಬ್ಬಿ ಕಟ್ಟೆ ಮ್ಯಾಲೆ ಇಡ್ರಿ. ಮುಚ್ಚಳ ಹಾಕಿದ್ರೆ ಉಪದೇಶಿಗಳು ದಿನಾ ಬಂದು ಅಕ್ಕಿ ತಗೊಂಡು ಹೋಗ್ತಾರೆ. ಮುಚ್ಚಳ ತೆಗೆದಿಟ್ರೆ ಆ ಮನ್ಯಾಗೆ ಕಷ್ಟ ಐತೆ ಅಂತ ತಿಳ್ಕಂತೀವಿ. ಬಾಯಿಬಿಟ್ಟು ಕೇಳೋದೇನೂ ಬ್ಯಾಡ.”

ಹಿಡಿಯಕ್ಕಿ ಎಂದರೆ ಜೀವರತ್ನಳಿಗೆ ಹುಟ್ಟಿದಾಗಿನಿಂದ ಗೊತ್ತು. ದಿನಾ ಒಲೆಗೆ ಎಸರಿಡುವ ಮೊದಲು ಅವ್ವ ಒಂದು ಹಿಡಿ ನುಚ್ಚನ್ನು ಡಬ್ಬಿಗೆ ಹಾಕುತ್ತಿದ್ದಳು. ಹುಳ ಬೀಳದಿರಲೆಂದು ಎರಡು ಒಣ ಬೇವಿನೆಲೆ ಬೇರೆ. ಭಾನುವಾರ ಅದು ಚರ್ಚಿಗೆ ಹೋಗುತ್ತಿತ್ತು, ಇಲ್ಲದವರಿಗಾಗಿ. ಮನೆಯಲ್ಲಿ ಎಷ್ಟೇ ಕಡಿಮೆಯಿದ್ದರೂ ಆ ಹಿಡಿ ತಪ್ಪಿದ್ದಿಲ್ಲ.

“ಹಿಡಿ ತೆಗೆದಿಟ್ಟೇನೇ ರತ್ನಿ?” ಜ್ವರದಲ್ಲೂ ಅವ್ವ ದಿನಾ ಕೇಳುತ್ತಿದ್ದಳು.

“ಇಟ್ಟೀನವ್ವಾ.”

ಇಷ್ಟು ದಿನ ಕೊಟ್ಟ ಡಬ್ಬಿಯನ್ನು ಬಾಯಿ ತೆರೆದು ಬೀದಿಗೆ ಇಡುವುದೇ? ಮುಚ್ಚಳದ ಮೇಲೆ ಕೈ ಇಟ್ಟಾಗಲೆಲ್ಲ ಜೀವರತ್ನಳ ಕೈ ಹಿಂದೆ ಸರಿಯುತ್ತಿತ್ತು.

ಉಪದೇಶಿಗಳು ಬಂದುಹೋದ ಆ ಶನಿವಾರ ಗಡಿಗೆಯಲ್ಲಿ ಉಳಿದದ್ದು ಒಂದೇ ಹಿಡಿ. ಹಸಿ ಕಟ್ಟಿಗೆ ಹೊಗೆಯಾಡಿತು. ಕಣ್ಣೊರೆಸಿಕೊಂಡು ಗಂಜಿ ಮಾಡಿದಳು. ಅವ್ವ ಎರಡು ಗುಟುಕು ಕುಡಿದು, “ನನಗೆ ಸಾಕು, ಉಳಿದದ್ದು ನೀನು ಕುಡಿ,” ಎಂದು ಗೋಡೆಗೆ ಮುಖ ತಿರುಗಿಸಿದಳು.

ಭಾನುವಾರ ಬೆಳಿಗ್ಗೆ ಗಡಿಗೆ ಖಾಲಿ. ಜೀವರತ್ನ ತಳವನ್ನು ಬೆರಳಿನಿಂದ ಸವರಿ ನೋಡಿದಳು. ಬೆರಳಿಗೆ ಹಿಟ್ಟಿನಂಥ ಧೂಳು ಹತ್ತಿತು, ಅಷ್ಟೇ.

ಖಾಲಿ ಡಬ್ಬಿಯನ್ನೇ ಕಟ್ಟೆಯ ಮೇಲಿಟ್ಟಳು. ಮುಚ್ಚಳ ಬಿಗಿಯಾಗಿ ಹಾಕಿದಳು. ಆಮೇಲೆ ಕೊಡ ಹಿಡಿದು ಚರ್ಚಿನ ಬಾವಿಗೆ ಹೋದಳು.

ಬಾವಿಯ ಎದುರಿಗೇ ಅಯ್ಯನವರ ಮನೆ. ಜಗಲಿಯ ಮೇಲೆ ಅಯ್ಯನವರು ಮೊರ ಹಿಡಿದು ನುಚ್ಚು ಕೇರುತ್ತಿದ್ದರು. ಅರ್ಧ ಅಂಗಳಕ್ಕೆ ಹಾರುತ್ತಿತ್ತು. ಗುಬ್ಬಿಗಳು ಮುತ್ತಿಕೊಂಡಿದ್ದವು.

“ಅಲ್ಲೇ ನಿಂದ್ರವ್ವಾ, ಹತ್ರ ಬರಬ್ಯಾಡ. ಅಮ್ಮನೋರಿಗೆ ಜ್ವರ ಐತೆ,” ಎಂದರು, ಹೆಂಡತಿ ಮಲಗಿದ್ದ ಕೋಣೆಯತ್ತ ಕಣ್ಣು ಹಾಯಿಸಿ. “ನಗಬ್ಯಾಡ ಮತ್ತೆ! ಚರ್ಚಾಗೆ ನಿಂತು ಪ್ರಸಂಗ ಮಾಡೋದು ಸುಲಭ, ಕೇರೋದು ಕಷ್ಟ.”

ಜೀವರತ್ನ ನಗುತ್ತಿರಲಿಲ್ಲ. ಅವಳ ಕಣ್ಣು ಜಗಲಿಯ ಮೂಲೆಯಲ್ಲಿತ್ತು. ಅಲ್ಲೊಂದು ಹಿಡಿಯಕ್ಕಿ ಡಬ್ಬಿ. ಪಕ್ಕದಲ್ಲಿ, ಬೋರಲಾಗಿ, ಅದರ ಮುಚ್ಚಳ.

“ಅಯ್ಯನೋರೆ, ನಿಮ್ ಡಬ್ಬಿ ಮುಚ್ಚಳ…”

“ಹೂಂ, ತೆಗೆದಿಟ್ಟೀನಿ. ಮೂರು ದಿನ ಆತು. ಇದು ನಿನ್ನೆ ಉಪದೇಶಿಗಳು ತಂದು ಹಾಕಿದ್ದು.” ಅವರು ಮೊರದಿಂದ ಏನನ್ನೋ ಆರಿಸಿ, ಬೆರಳಲ್ಲಿ ಎತ್ತಿ ತೋರಿಸಿದರು. “ನೋಡಿಲ್ಲಿ, ಯಾರೋ ಬೇವಿನೆಲಿ ಹಾಕ್ಯಾರೆ. ಒಂದು ಹುಳ ಇಲ್ಲ! ರಾತ್ರಿ ಅಮ್ಮನೋರು ಇದರ ಗಂಜೀನೇ ಒಂದು ಬಟ್ಲು ಕುಡುದ್ರು. ನಾಲ್ಕು ದಿನದ ಮ್ಯಾಲೆ.”

ಜೀವರತ್ನ ಆ ಒಣ ಎಲೆಯನ್ನೇ ನೋಡಿದಳು.

“ಯಾಕವ್ವಾ, ಸುಮ್ಮನೆ ನಿಂತೆ?”

“ಏನಿಲ್ರಿ. ಗಂಟೆ ಹೊಡಿಯೋ ಹೊತ್ತಾತು, ಬರ್ತೀನಿ.”

ತುಂಬಿದ ಕೊಡ ಸೊಂಟಕ್ಕೇರಿಸಿ ನಡೆದಳು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ನೀರು ತುಳುಕಿ ಲಂಗ ಒದ್ದೆಯಾದದ್ದು ಅವಳಿಗೆ ತಿಳಿಯಲೇ ಇಲ್ಲ.

ಕೊಡ ಇಳಿಸಿ ಮೊದಲು ಕಟ್ಟೆಯ ಹತ್ತಿರ ಹೋದಳು. ಬಿಗಿಯಾಗಿ ಕೂತಿದ್ದ ಮುಚ್ಚಳ ಒಮ್ಮೆಗೇ ಬರಲಿಲ್ಲ. ಎರಡು ಕೈಯಿಂದ ತಿರುವಿ ತೆಗೆದಳು. ಬೋರಲಾಗಿ ಪಕ್ಕದಲ್ಲಿಟ್ಟಳು.

ಎದುರುಮನೆಗಳ ಹೆಂಚಿನ ಮಾಡುಗಳ ಸಂದಿಯಿಂದ, ದೂರದಲ್ಲಿ ಚರ್ಚಿನ ಗಂಟೆ ಓಲಾಡುವುದು ಕಂಡಿತು. ಅರೆಗಳಿಗೆ ತಡವಾಗಿ ಸದ್ದು ಬಂದು ತಲುಪಿತು. ಜೀವರತ್ನ ಬಾಗಿಲಲ್ಲಿ ಕೂತು ಕೀರ್ತನೆ ಶುರುಮಾಡಿದಳು. ಆ ಓಣಿಯಲ್ಲಿ ಚರ್ಚಿನವರ ಮನೆ ಅದೊಂದೇ, ಹಾಡುವವಳು ಅವಳೊಬ್ಬಳೇ. ಆದರೂ ಈ ಸಲ ಅವಳು ಮೆಲ್ಲಗೆ ಹಾಡಲಿಲ್ಲ.

ಹಾಡು ಮುಗಿದಾಗ ಒಳಗಿನಿಂದ ಅವ್ವನ ದನಿ ಬಂತು.

“ರತ್ನೀ, ಡಬ್ಬಿ ಮುಚ್ಚಿಟ್ಟೇನೇ?”

“ಇಲ್ಲವ್ವಾ. ತೆಗೆದಿಟ್ಟೀನಿ.”

ಹೊರಗೆ ತುಂತುರು ಶುರುವಾಯಿತು.

“ಹಂಗಾದ್ರೆ ಸೂರಿನ ಕೆಳಗೆ ಸರಿಸಿಡು,” ಎಂದಳು ಅವ್ವ. “ಮಳಿ ನೀರು ಬಿದ್ದೀತು.”