ಗಿಳಿ ಸರಪಳಿ

ಅಮೀನಗಡದಲ್ಲಿ ಬಸ್ಸು ನಿಂತಾಗ ಎಲ್ಲರೂ ಕರದಂಟು ಕೊಳ್ಳಲು ಇಳಿದರು. ಚೇತನಾ ಇಳಿಯಲಿಲ್ಲ. ಸಿಹಿ ತಿನ್ನುವ ಮನಸ್ಸೇ ಇರಲಿಲ್ಲ ಅವಳಿಗೆ. ಬಾಗಲಕೋಟೆಯ ಹಳೆ ಸಾಮಾನಿನ ಬಜಾರಕ್ಕೆ ಈ ಸಲ ಅವಳು ಹೊರಟದ್ದೇ ಒಬ್ಬನ ಮಾನ ಕಳೆಯುವುದಕ್ಕೆ.

ಅವನ ಹೆಸರು ಶಂಭು. ಬಾದಾಮಿಯವನು. ಹಳೆ ಬಾಗಿಲು, ಮಂಚ, ಪೆಟ್ಟಿಗೆಗಳನ್ನು ಕೊಂಡು, ದುರಸ್ತಿ ಮಾಡಿ ಮಾರುವವನು. ಅವನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಇಷ್ಟೇ. ಮತ್ತೆ, ನಕ್ಕಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ ಎಂಬುದು. ಅದನ್ನು ನೆನಪಿಟ್ಟುಕೊಂಡದ್ದಕ್ಕೆ ತನ್ನ ಮೇಲೂ ಅವಳಿಗೆ ಸಿಟ್ಟಿತ್ತು.

ಆಲಮಟ್ಟಿಯ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳಿಗೆ ಏರಿ ಬರುತ್ತಿದ್ದ ವರ್ಷಗಳವು. ನವನಗರಕ್ಕೆ ಹೋಗುವ ಜನ ಹೊಸ ಮನೆಯಲ್ಲಿ ಹಿಡಿಸದ್ದನ್ನೆಲ್ಲ ಮಾರುತ್ತಿದ್ದರು. ಊರಂಚಿನ ಬಯಲಲ್ಲಿ ತಿಂಗಳಿಗೊಮ್ಮೆ ಬಜಾರ ನೆರೆಯುತ್ತಿತ್ತು. ಗೋಡೆ ಕಳೆದುಕೊಂಡ ಬಾಗಿಲುಗಳು, ಕೆತ್ತನೆಯ ಕಂಬಗಳು, ತಾಮ್ರದ ಹಂಡೆ, ಬೀಸುಕಲ್ಲು, ನಿಂತುಹೋದ ಗಡಿಯಾರ ಎಲ್ಲವೂ ಬಿಸಿಲಿಗೆ ಬಿದ್ದಿರುತ್ತಿದ್ದವು. ಹುಬ್ಬಳ್ಳಿ, ಪುಣೆಯಿಂದೆಲ್ಲ ಗಿರಾಕಿಗಳು ಬರುತ್ತಿದ್ದರು.

ಅಲ್ಲಿಯ ವ್ಯಾಪಾರ ದನದ ಸಂತೆಯ ರೀತಿ. ಬೆಲೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಮಾರುವವರೂ ಕೊಳ್ಳುವವರೂ ಟವೆಲ್ಲಿನಡಿ ಕೈ ಸೇರಿಸಿ, ಬೆರಳು ಹಿಡಿದೇ ಕೇಳಬೇಕು, ಬೆರಳು ಹಿಡಿದೇ ಹೇಳಬೇಕು. ಒಪ್ಪಿಗೆಯಾದರೆ ಎರಡೂ ಕೈ ಒಟ್ಟಿಗೆ ಹೊರಬರುತ್ತವೆ. ಮಾರುವವನೇ ಮೊದಲು ಕೈ ಎಳೆದುಕೊಂಡನೋ, ಎದುರಿನವರಿಗೆ ಕೊಳ್ಳುವ ತಾಕತ್ತಿಲ್ಲವೆಂದು ಇಡೀ ಬಜಾರಕ್ಕೆ ಡಂಗುರ ಹೊಡೆದಂತೆ.

ಹಿಂದಿನ ತಿಂಗಳು ಶಂಭು ಅವಳಿಗೆ ಮಾಡಿದ್ದು ಅದನ್ನೇ.

ಚೇತನಾಳ ಅವ್ವ ಬಾಳವ್ವನ ತವರು ಇದೇ ಹಳೆ ಊರು. ಸೋದರಮಾವ ಮನೆ ಬಿಡುವಾಗ, ಬಾಳವ್ವ ಕೂಸಾಗಿದ್ದಾಗ ಮಲಗಿದ್ದ ತೊಟ್ಟಿಲನ್ನೂ ಯಾರಿಗೋ ಮಾರಿಬಿಟ್ಟಿದ್ದ. ಅಕ್ಕ ಸುಶ್ಮಿತಾಳಿಗೆ ಆಗ ದಿನ ತುಂಬಿತ್ತು. ಮೊಮ್ಮಗುವನ್ನು ಅದೇ ತೊಟ್ಟಿಲಿಗೆ ಹಾಕಬೇಕೆಂದು ಬಾಳವ್ವನಿಗೆ ಜೀವದಾಸೆ. "ನಾ ತರ್ತೇನಿ ಬಿಡವ್ವಾ" ಎಂದು ಚೇತನಾ ಮಾತು ಕೊಟ್ಟು ಬಂದಿದ್ದಳು. ಇಳಕಲ್ಲಿನ ಸೀರೆ ಅಂಗಡಿಯನ್ನು ಅಪ್ಪನ ಜೋಡಿ ನಡೆಸುವವಳು. ಚೌಕಾಸಿಯಲ್ಲಿ ಯಾರಿಗೂ ಸೋತವಳಲ್ಲ.

ತೊಟ್ಟಿಲು ಶಂಭುವಿನ ಸಾಮಾನುಗಳ ನಡುವೆ ಸಿಕ್ಕಿತ್ತು.

"ಇದಕ್ಕ ಹಿತ್ತಾಳಿ ಸರಪಳಿ ಇದ್ವು. ಕೊಂಡಿಗೊಂದು ಗಿಳಿ. ಅವೆಲ್ಲಿ?" ಎಂದು ಕೇಳಿದ್ದಳು.

"ನನ್ನ ಕೈಗೆ ಬರೂದ್ರಾಗ ಇರಲಿಲ್ರಿ. ರೇಟು ಬಾಯಿಲೇ ಹೇಳ್ತೇನಿ, ಹೆಣ್ಮಕ್ಕಳ ಜೋಡಿ ಟವೆಲ್ ಬ್ಯಾಡ."

"ಯಾಕ, ನಮಗ ಬೆರಳಿಲ್ಲೇನು?"

ಅವನು ನಕ್ಕು ಟವೆಲ್ಲು ಹಾಸಿದ್ದ. ಆಗಲೇ ಆ ಗುಳಿ ಕಂಡದ್ದು. ಅವನ ಒರಟು ಅಂಗೈ ಬೆಚ್ಚಗಿತ್ತು. ಅವಳು ಬೆರಳು ಹಿಡಿದು ಕೇಳಿದಳು, ಅವನು ಹೇಳಿದ, ಮತ್ತೆ ಕೇಳಿದಳು. ಇನ್ನೇನು ಒಪ್ಪಿಗೆಯಾಗಬೇಕು, ಅವನು ಕೆಂಡ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ. "ಮಾರೂದಿಲ್ಲ" ಎಂದವನೇ ಬೆನ್ನು ತಿರುಗಿಸಿದ. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಸಂಜೆ ಊರಿಗೆ ಹೊರಟ ಬಸ್ಸಿನ ಕಿಟಕಿಯಿಂದ, ತೊಟ್ಟಿಲು ಟೆಂಪೋ ಏರಿ ಹೋಗುವುದನ್ನು ಅವಳು ಕಣ್ಣಾರೆ ಕಂಡಳು. ಯಾರೋ ಪುಣೆಯ ಸಾಹುಕಾರನಿಗೆ ಮಾರಿರಬೇಕು ಅಂದುಕೊಂಡಳು. ಬರಿಗೈಯಲ್ಲಿ ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ಆ ಕಣ್ಣೀರು ಚೇತನಾಳ ಎದೆಯಲ್ಲಿ ಕುದಿಯುತ್ತಲೇ ಇತ್ತು.

ಈಗ ಅಕ್ಕನಿಗೆ ಗಂಡುಮಗು. ಬರುವ ಸೋಮವಾರ ತೊಟ್ಟಿಲಿಗೆ ಹಾಕುವ ಕಾರ್ಯ. ಬಾಡಿಗೆಯ ತೊಟ್ಟಿಲು ಹೇಳಿಯಾಗಿತ್ತು.

ಬಜಾರದಲ್ಲಿ ಅವಳು ಯಾವ ಸಾಮಾನನ್ನೂ ನೋಡಲಿಲ್ಲ, ಅವನನ್ನು ಹುಡುಕಿದಳು. ಹಿತ್ತಾಳೆ ಮಾರುವ ಮಕ್ತುಮಬಿಯ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಏನನ್ನೋ ಎತ್ತಿ ಬಿಸಿಲಿಗೆ ಹಿಡಿದು ನೋಡಿದ. ಅವನ ಮುಖ ಅರಳಿತು. ಅದು ಸರಪಳಿ. ಕೊಂಡಿಗೊಂದು ಗಿಳಿ.

"ತಡೀ ಬೇ, ಇದರ ಕೊಕ್ಕಿ ಅಳತಿ ಗಾಡ್ಯಾಗೈತಿ, ತರ್ತೇನಿ. ಯಾರಿಗೂ ಕೊಡಬ್ಯಾಡ" ಎಂದು ಅವನು ಎದ್ದು ಓಡಿದ.

ಚೇತನಾ ಕಂಬದ ಮರೆಯಿಂದ ಹೊರಬಂದಳು. ಕೈ ಸೇರಿಸದ ಮಾಲು ಯಾರದೂ ಅಲ್ಲ, ಅದು ಬಜಾರದ ನೇಮ. ಮಕ್ತುಮಬಿ ಹಿಡಿದ ಮೊದಲ ಬೆರಳಿಗೇ ಚೇತನಾ ಒಪ್ಪಿಬಿಟ್ಟಳು.

"ಚೌಕಾಸಿ ಮಾಡವಾ ಸ್ವಲ್ಪ, ಹಿಂಗಾದ್ರ ನನಗ ಮಾರಿದಂಗ ಆಗೂದಿಲ್ಲ" ಎಂದು ಮುದುಕಿ ಬೇಜಾರು ಮಾಡಿಕೊಂಡಳು.

"ಚೌಕಾಸಿ ಈಗ ಶುರು ಆಗತೈತಿ ಬೇ, ನೋಡಕೋತ ಕುಂಡ್ರು."

ಶಂಭು ಏದುಸಿರು ಬಿಡುತ್ತ ಬಂದ. ಖಾಲಿ ಜಾಗ ನೋಡಿದ, ಮಕ್ತುಮಬಿಯನ್ನು ನೋಡಿದ. ಅವಳು ಗದ್ದದಿಂದಲೇ ಚೇತನಾಳನ್ನು ತೋರಿಸಿದಳು. ಚೇತನಾ ಉರುಳಿಬಿದ್ದ ಕಂಬದ ಮೇಲೆ ಮಹಾರಾಣಿಯ ಹಾಗೆ ಕೂತಿದ್ದಳು, ಮಡಿಲಲ್ಲಿ ಗಿಳಿಗಳು.

"ನೀವು?" ಎಂದ ಅವನು. ಮುಖ ಒಮ್ಮೆ ಬೆಳಗಿ ಮತ್ತೆ ಪೆಚ್ಚಾಯಿತು.

"ನಾನ. ತಾಕತ್ತ ಇಲ್ಲದಾಕಿ. ಸರಪಳಿ ಬೇಕೇನ್ರಿ?"

"ಭಾಳ ಬೇಕಾಗಿತ್ರಿ."

"ಹಂಗಾದ್ರ ಬರ್ರಿ, ಕೈ ಕೊಡ್ರಿ." ಇಳಕಲ್ ಸೀರೆಯ ಕೆಂಪು ಸೆರಗನ್ನು ಬೆನ್ನಿನಿಂದ ಮುಂದಕ್ಕೆ ಎಳೆದು ಮಡಿಲ ಮೇಲೆ ಹರಡಿದಳು.

ಜನ ಸೇರಿದರು. ಹಿಂದಿನ ತಿಂಗಳು ನಕ್ಕವರೆಲ್ಲ ಅಲ್ಲಿದ್ದರು. ಅವಳಿಗೆ ಬೇಕಾದದ್ದೂ ಅದೇ. ಶಂಭು ಎದುರು ಕೂತು ಅಂಜುತ್ತ ಕೈ ಚಾಚಿದ. ಸೆರಗಿನಡಿ ಅವನ ಕೈ ಸಿಕ್ಕಿತು. ಈ ಸಲ ಅದು ತಣ್ಣಗಿತ್ತು, ಬೆವೆತಿತ್ತು. ಅವಳು ಬೆರಳು ಹಿಡಿದು ಹೇಳಿದಳು, ಯಾರೂ ಕೊಡಲಾರದಂಥ ಬೆಲೆ. ಅವನು ಒಪ್ಪಿದ. ಇನ್ನೊಂದು ಬೆರಳು ಸೇರಿಸಿದಳು. ಅದಕ್ಕೂ ಒಪ್ಪಿದ.

"ವ್ಯಾಪಾರ ಮಾಡೂದು ಮರತೀರೇನು?" ಎಂದಳು ಮೆಲ್ಲಗೆ.

"ನಿಮ್ಮ ಮುಂದ ಯಾವಾಗ ಬಂದಿತ್ರಿ?"

ಅವನು ಅವಳನ್ನೇ ನೋಡುತ್ತಿದ್ದ. ಅವಳು ಸಿಟ್ಟನ್ನು ಗಟ್ಟಿ ಹಿಡಿದುಕೊಂಡು ದೃಷ್ಟಿಯನ್ನು ಗಿಳಿಗಳ ಮೇಲಿಟ್ಟಳು. ಅವನ ಹೆಬ್ಬೆರಳಿನ ಬಳಿ ಉಳಿ ತಾಗಿದ ಹಳೆಯ ಗಾಯದ ಗುರುತು ಕೈಗೆ ಹತ್ತಿತು. ಅಯ್ಯೋ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಇನ್ನೂ ರೇಗಿ ಕೈಯನ್ನು ಸರಕ್ಕನೆ ಎಳೆದುಕೊಂಡಳು.

"ಮಾರೂದಿಲ್ಲ" ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಬಜಾರ ನಕ್ಕಿತು. ಶಂಭು ಖಾಲಿ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡ. ಇಷ್ಟು ದಿನ ಇದೇ ಗಳಿಗೆಗೆ ಕಾದಿದ್ದಳು. ಅದು ಬಂದಾಗ ಬಾಯಿ ಕಹಿಯಾಗಿತ್ತು.

ಪಕ್ಕದ ಬಾಗಿಲು ವ್ಯಾಪಾರಿ ಕಾಶಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಲೇ ಶಂಭು, ಬಂದ ಗಿರಾಕಿನೆಲ್ಲಾ ಹೊಳ್ಳಿ ಕಳಿಸಿ ಆ ತೊಟ್ಟಲಾ ಮನ್ಯಾಗ ಇಟಗೊಂಡಿ. ಈಗ ಸರಪಳಿನೂ ಹೋತಲ್ಲೋ."

"ಯಾವ ತೊಟ್ಟಲಾ?" ಎಂದಳು ಚೇತನಾ.

ಶಂಭು ತಲೆ ಎತ್ತಲಿಲ್ಲ. "ನಿಮ್ಮದ. ಮಾರಿಲ್ರಿ. ಗಿಳಿ ಸರಪಳಿ ಎಲ್ಲಿ ಅಂತ ಕೇಳಿದ್ರಲ್ಲ, ಅವು ಸಿಕ್ಕ ಮ್ಯಾಲೆ ಇಳಕಲ್ಲಿಗೆ ಬಂದು ಹುಡುಕಿ ಕೊಡಬೇಕಂತಿದ್ದೆ. ಸೀರಿ ನೋಡಿ ಊರು ಗೊತ್ತಾತು, ಹೆಸರ ಗೊತ್ತಿರಲಿಲ್ಲ."

"ಮತ್ತ ಅವತ್ತ ಕೈ ಯಾಕ ಎಳಕೊಂಡ್ರಿ?"

ಜನ ಕಿವಿಯಾದರು. ಅವನ ಕಿವಿಯ ತುದಿಗಳು ಕೆಂಪೇರಿದವು.

"ಲೆಕ್ಕ ತಪ್ಪಿತ್ರಿ. ನಿಮ್ಮ ಕೈ ಹಿಡಿದಿದ್ದೆ. ನೀವು ಎಷ್ಟು ಕೇಳಿದ್ರಿ, ನಾ ಎಷ್ಟು ಹೇಳಿದೆ, ಒಂದೂ ತಿಳೀಲಿಲ್ಲ. ಇನ್ನೊಂದ ಗಳಿಗಿ ಹಿಡಿದಿದ್ರ ಬಿಡತಿದ್ದಿಲ್ಲ. ಅಂಜಿ ಎಳಕೊಂಡೆ. ನಿಮ್ಮ ಮರ್ಯಾದಿ ಹೋತು ಅನ್ನೂದು ಆಮ್ಯಾಲೆ ಹೊಳೀತು. ಅಷ್ಟೊತ್ತಿಗೆ ನೀವು ಹೋಗಿದ್ರಿ."

ಮಕ್ತುಮಬಿ ಬಾಯಿಗೆ ಸೆರಗು ಹಿಡಿದುಕೊಂಡಳು.

ಚೇತನಾಳಿಗೆ ಅಳು ಬಂತು; ನಗುವೂ ಬಂತು. ಎರಡನ್ನೂ ಅವನಿಗೆ ತೋರಿಸುವ ಮನಸ್ಸಾಗಲಿಲ್ಲ. ಇವನು ಲೆಕ್ಕ ತಪ್ಪಿದ್ದಕ್ಕೆ ಅವ್ವ ಕಣ್ಣೀರು ಹಾಕಬೇಕಿತ್ತೇ? ಅಷ್ಟು ಸಲೀಸಾಗಿ ಬಿಡುವವಳಲ್ಲ ಅವಳು.

"ಸೋಮವಾರ ಮುಂಜಾನೆ ಇಳಕಲ್ಲಿಗೆ ಬರ್ರಿ" ಎಂದಳು. "ಬಸ್‌ಸ್ಟ್ಯಾಂಡಿನಿಂದ ಶಿವಸಂಗಪ್ಪನವರ ಮನಿ ಅಂತ ಕೇಳಕೋತ, ತೊಟ್ಟಲಾ ತಲಿ ಮ್ಯಾಲೆ ಹೊತಗೊಂಡು, ನಡಕೋತ ಬರಬೇಕು. ಬಜಾರದಾಗ ನಾ ನಗಿ ಅನುಭವಿಸೇನಿ, ನೀವು ನಮ್ಮ ಓಣ್ಯಾಗ ಅನುಭವಿಸ್ರಿ. ವ್ಯಾಪಾರ ನಮ್ಮಪ್ಪನ ಕೈಯಾಗ."

"ಬರ್ತೇನ್ರಿ" ಎಂದ ಅವನು. ಗುಳಿ ಮೂಡಿತು.

ಬಂದ. ಇಡೀ ಓಣಿ ಮಗ್ಗ ಬಿಟ್ಟು ಕಟ್ಟೆಗೆ ಬಂದು ನೋಡಿತು. "ಏನ್ರಿ, ಕೂಸು ಎಲ್ಲೈತಿ?" ಎಂದು ಹೆಂಗಸರು ಕೇಳಿ ಕೇಳಿ ನಕ್ಕರು. ಬೆವರಿನಲ್ಲಿ ತೊಯ್ದು ಅವನು ಪಡಸಾಲೆಯಲ್ಲಿ ತೊಟ್ಟಿಲು ಇಳಿಸಿದಾಗ ಬಾಳವ್ವ ಅದರ ಅಂಚನ್ನು ಸವರುತ್ತ ನಿಂತುಬಿಟ್ಟಳು. ಚೇತನಾ ಬಾಗಿಲ ಸಂದಿಯಿಂದ ಎಲ್ಲ ನೋಡಿ ತೃಪ್ತಿಪಟ್ಟಳು.

ಗಿಳಿ ಸರಪಳಿ ಏರಿತು. ಮಗುವನ್ನು ಹಾಕಿದರು, ಕಿವಿಯಲ್ಲಿ ಹೆಸರು ಹೇಳಿದರು, ಹೇಳಿದವರ ಬೆನ್ನಿಗೆ ಪದ್ಧತಿಯಂತೆ ಗುದ್ದಿದರು. ಊಟವಾದ ಮೇಲೆ ಅಪ್ಪ ಶಿವಸಂಗಪ್ಪ ಟವೆಲ್ಲು ಹಾಸಿ ಕೈ ಚಾಚಿದ.

"ಹೇಳಪಾ, ತೊಟ್ಟಿಲಕ್ಕ ಏನು ಕೊಡೂಣು?"

ಶಂಭು ಕೈ ಕೊಟ್ಟ. ಹೊತ್ತು ಸರಿಯಿತು. ಶಿವಸಂಗಪ್ಪ ಹುಬ್ಬು ಗಂಟಿಕ್ಕಿದ. "ಏನವಾ ಇದು, ಈ ಹುಡುಗ ಬೆರಳ ಹಿಡೀವಲ್ಲ. ಸುಮ್ಮನ ಕೈ ಇಟಗೊಂಡು ಕುಂತಾನ, ಕಣ್ಣು ನೋಡಿದ್ರ ಬಾಗಲಾ ಕಡೆ."

"ಅವರಿಗೆ ಲೆಕ್ಕ ಬರೂದಿಲ್ಲಪ್ಪಾ" ಎನ್ನುತ್ತ ಚೇತನಾ ಹೊರಗೆ ಬಂದಳು. "ಬಿಡು, ಈ ವ್ಯಾಪಾರ ನಾ ನೋಡಕೋತೇನಿ."

ಅಪ್ಪ ಮಗಳ ಮುಖ ನೋಡಿದ, ಹುಡುಗನ ಮುಖ ನೋಡಿದ. ಮೂವತ್ತು ವರ್ಷ ಗಿರಾಕಿಗಳ ಮುಖ ಓದಿದವನಿಗೆ ಇದನ್ನು ಓದುವುದೇನೂ ಕಷ್ಟವಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡು, "ಬಾಳವ್ವಾ, ಅಡಿಕಿ ಎಲ್ಲಿ ಇಟ್ಟಿ?" ಎನ್ನುತ್ತ ಒಳಗೆ ನಡೆದ.

ಚೇತನಾ ಎದುರು ಕೂತಳು. ಟವೆಲ್ಲನ್ನು ಪಕ್ಕಕ್ಕೆ ಸರಿಸಿ ತನ್ನ ಸೆರಗು ಹರಡಿದಳು. ಅದರಡಿ ಅವನ ಕೈಯನ್ನು ಗಟ್ಟಿಯಾಗಿ, ಗೆಣ್ಣು ನೋಯುವ ಹಾಗೆ ಹಿಡಿದಳು.

"ಅವತ್ತ ಎಳಕೊಂಡಿರಲ್ಲ" ಎಂದಳು, "ಈಗ ಎಳಕೋರಿ ನೋಡೂಣು."