ಸೀರೆಯೊಳಗೊಂದು ಸೀರೆ

ಜಮಖಂಡಿಯ ಮೇ ತಿಂಗಳ ಬಿಸಿಲಿನಲ್ಲಿ ಒಂದು ಸೀರೆ ಉಡುವುದೇ ಕಷ್ಟ. ರಸಿಕಾ ಎರಡು ಉಟ್ಟಿದ್ದಳು. ಕನ್ಯೆ ನೋಡಲು ಬರುವವರಿಗೆ ಹುಡುಗಿ ಮೈಕೈ ತುಂಬಿಕೊಂಡಂತೆ ಕಾಣಲಿ ಎಂದು, ತಾಯಿಯ ತಂಗಿ, ಅವಳ ಮಾವುಶಿ ವತ್ಸಲಾಬಾಯಿ ತಮ್ಮ ಹಳೆಯ ನೂಲಿನ ಸೀರೆಯನ್ನು ಮಡಿಚಿ ಅವಳ ಸೊಂಟಕ್ಕೆ ಸುತ್ತಿ, ಮೇಲೆ ರೇಷ್ಮೆ ಉಡಿಸಿದ್ದರು.

ಹೋದ ವರ್ಷ ಬಂದವರು, "ಹುಡುಗಿ ಭಾಳ ಸಣಕಲ ಅದಾಳ. ಒಳಗ ಏನರೆ ರೋಗ ಇರಬೇಕು," ಎಂದು ಎದ್ದು ಹೋಗಿದ್ದರು. ನೆಗಡಿ ಕೂಡ ಹತ್ತಿರ ಸುಳಿಯದ ರಸಿಕಾ ಅಂದು ಊಟ ಬಿಟ್ಟು ಅತ್ತಿದ್ದಳು. ಇನ್ನೊಂದು ಸಲ ಆ ಮಾತು ಕೇಳುವ ಶಕ್ತಿ ಅವಳಲ್ಲಿರಲಿಲ್ಲ.

ಮುಧೋಳದಿಂದ ಬಂದ ರಘುವೀರನಿಗೆ ಬ್ಯಾಂಕ್ ನೌಕರಿ, ಅಂಗಿಯ ಗುಂಡಿ ಎಳೆಯುವ ಹೊಟ್ಟೆ.

"ಉಂಡುಟ್ಟ ಮನಿ ಹುಡುಗ, ನೋಡಿದ ಕೂಡಲೆ ಗೊತ್ತಾಗ್ತದ," ಎಂದು ಹಿಗ್ಗಿದ ವತ್ಸಲಾಬಾಯಿ ಅವನ ತಾಟಿಗೆ ಮತ್ತೊಂದು ಸೌಟು ಸಿಹಿ ಶಿರಾ ಬಡಿಸಿದರು. ಅವನು ಕೈ ಅಡ್ಡ ಹಿಡಿದರೂ ಬಿಡಲಿಲ್ಲ. ನಮ್ಮ ಕಡೆ ಬೇಡ ಎಂದರೆ ಇನ್ನಷ್ಟು ಹಾಕಿ ಎಂದೇ ಅರ್ಥ.

ಮಾತಾಡಿಕೊಳ್ಳಲಿ ಎಂದು ಹಿರಿಯರು ಇಬ್ಬರನ್ನೂ ಹಿತ್ತಲಿಗೆ ಕಳಿಸಿದರು. ಅವನು ತಾಟು ಹಿಡಿದುಕೊಂಡೇ ಬಂದ.

"ಶಿರಾ ಭಾಳ ಸೇರ್ತದೇನ್ರಿ?" ಎಂದಳು ರಸಿಕಾ, ನಗು ತಡೆದುಕೊಂಡು.

"ಭಾಳ ಸೇರ್ತದ್ರಿ. ಆದ್ರ ತಿನ್ನೂ ಹಂಗಿಲ್ಲ." ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನನಗ ಶುಗರ್ ಅದ. ಗಟ್ಟಿಮುಟ್ಟ ಕಾಣ್ತೀ, ಯಾರಿಗೂ ಹೇಳಬ್ಯಾಡ ಅಂತಾಳ ಅವ್ವ. ನಿಮಗ ಹೇಳದ ಹೆಂಗ ಇರ್ಲಿ?"

ಅವಳ ಸೊಂಟಕ್ಕೆ ಸುತ್ತಿಕೊಂಡ ಸುಳ್ಳು ಇನ್ನಷ್ಟು ಬಿಗಿಯಿತು.

ಅಷ್ಟರಲ್ಲಿ ರೇಷ್ಮೆಯ ಅಂಚಿನ ಕೆಳಗೆ ನೂಲಿನ ಸೀರೆ ಮೆಲ್ಲಗೆ ಇಣುಕಿತು. ರಘುವೀರ ನೋಡಿದ. ನೋಡಿ, ಚಟ್ಟನೆ ಮುಖ ತಿರುಗಿಸಿ ಬೇವಿನ ಮರವನ್ನೇ ದಿಟ್ಟಿಸುತ್ತ ನಿಂತ. ಆ ತಿರುಗಿಸಿದ ಮುಖಕ್ಕೇ ಅವಳು ಸೋತುಬಿಟ್ಟಳು.

"ನಾ ಇಷ್ಟು ದಪ್ಪ ಇಲ್ರಿ," ಎಂದಳು. "ಇದರಾಗ ಅರ್ಧ ಮಾವುಶಿ ಸೀರಿ. ರೋಗ ಇಲ್ಲ, ನನ್ನ ಮೈಕಟ್ಟೇ ಹಿಂಗ."

"ನಮ್ಮ ಮುಧೋಳ ನಾಯಿ ಎಲುಬು ಕಾಣೂವಷ್ಟು ತೆಳ್ಳಗಿರ್ತದ. ಅದಕ್ಕ ಯಾರರೆ ರೋಗ ಅಂತಾರೇನ್ರಿ?"

"ಅಂದ್ರ ನಾ ನಾಯಿ ಏನ್ರಿ?"

ಅವನು ನಾಲಿಗೆ ಕಚ್ಚಿಕೊಂಡ. ಅವಳು ನಕ್ಕು, ತಾಟು ಕಸಿದುಕೊಂಡು, ಅವನ ಪಾಲಿನ ಶಿರಾ ಗಬಗಬನೆ ಮುಗಿಸಿದಳು. ಅವನು ಅವಳನ್ನೇ ಕಣ್ತುಂಬ ನೋಡಿದ.

ಅವನು ಒಳಗೆ ಹೋದ ಮೇಲೆ ಪಡಸಾಲೆಯಿಂದ ದನಿ ಕೇಳಿಸಿತು: "ನನಗ ಸಕ್ರಿ ಇಲ್ಲದ ಚಹಾ ಕೊಡ್ರಿ. ಶುಗರ್ ಅದ."

ಅವನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಗ ರಸಿಕಾ ತಾನೇ ಚಹಾ ತಂದಳು, ಒಂದೇ ಸೀರೆಯಲ್ಲಿ, ಇದ್ದಷ್ಟೇ ತೆಳ್ಳಗೆ, ತಲೆ ಎತ್ತಿಕೊಂಡು.

"ಅಯ್ಯ, ಸೀರಿ ಎಲ್ಲಿ ಹೋತು?" ವತ್ಸಲಾಬಾಯಿ ಗಾಬರಿಯಿಂದ ಪಿಸುಗುಟ್ಟಿದರು.

"ಹಿತ್ತಲದಾಗ ಒಣ ಹಾಕೀನಿ ಮಾವುಶಿ," ಎಂದಳು ಎಲ್ಲರಿಗೂ ಕೇಳುವಂತೆ. "ನನಗ ಇವರು ಒಪ್ಪಿಗಿ. ನಾ ಹಿಂಗ ಇದ್ರೂ ಇವರಿಗ ಒಪ್ಪಿಗಿ ಇದ್ರ ಚಹಾ ಕುಡೀಲಿ."

ರಘುವೀರ ಬಿಸಿಯನ್ನೂ ಲೆಕ್ಕಿಸದೆ ಚಹಾ ಮುಗಿಸಿ, ಖಾಲಿ ಕಪ್ಪನ್ನು ಅವಳ ಮುಂದೆ ಹಿಡಿದ.

"ಇನ್ನೊಂದು ಕಪ್ಪು ಕೊಡ್ರಿ," ಎಂದ.