ಮೂರನೇ ಬಟ್ಟಲು ಕಾಫಿ

"ನಿಲ್ಸಿ! ನಾನು ಇಳೀಬೇಕು!"

ಸರಾಯೆವೊದ ಸಂಜೆಯ ಟ್ರಾಮ್. ಕಾಲಿಡಲೂ ಜಾಗವಿಲ್ಲ. ಮೆರಿಮಾಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬೆರಳುಗಳು ಜೋಮು ಹಿಡಿದಿದ್ದವು.

'ಅಯ್ಯೋ... ಇಲ್ಲೇ ಸತ್ತುಹೋಗ್ತೀನಾ?'

ಮುಂದಿನ ನಿಲ್ದಾಣ ಇನ್ನೂ ದೂರವಿತ್ತು. ಪಕ್ಕದಲ್ಲಿ ದೊಡ್ಡ ಗಂಟೊಂದನ್ನು ತಬ್ಬಿ ನಿಂತಿದ್ದ ಯುವಕ ಅವಳ ಮುಖ ನೋಡಿದ.

"ಇದನ್ನ ಸ್ವಲ್ಪ ಹಿಡ್ಕೊಳ್ತೀರಾ? ನನ್ನ ಕೈ ಬಿದ್ದುಹೋಗ್ತಿದೆ."

ಉತ್ತರಕ್ಕೂ ಕಾಯದೆ ಗಂಟನ್ನು ಅವಳ ತೋಳಿಗೆ ಹಾಕಿಯೇಬಿಟ್ಟ! ಸಡಿಲಾದ ಗಂಟಿನಿಂದ ರೇಷ್ಮೆಯ ರಜಾಯಿ ಇಣುಕುತ್ತಿತ್ತು. ಮೆರಿಮಾಳಿಗೆ ಸಿಟ್ಟು ಬಂತು. ಆದರೆ ಬೆರಳುಗಳು ತಾವಾಗಿಯೇ ಅದರ ಉಬ್ಬು ಹೊಲಿಗೆಯ ಮೇಲೆ ಓಡತೊಡಗಿದವು... ಹೂವು, ಬಳ್ಳಿ, ಮತ್ತೆ ಹೂವು. ಉಸಿರು ಮೆಲ್ಲಗೆ ಹದಕ್ಕೆ ಬಂತು.

"ನಾನೇ ಹೊಲಿದದ್ದು. ವೇದಾದ್ ಅಂತ ನನ್ನ ಹೆಸರು. ಜೋಪಾನ, ಬೀಳಿಸಿದ್ರೆ ಮದುಮಗಳ ಅಮ್ಮ ನನ್ನ ಚರ್ಮ ಸುಲೀತಾಳೆ."

ಅವಳಿಗೆ ನಗು ಬಂತು.

"ಏನಾಗಿತ್ತು ನಿಮಗೆ?"

"ಸೆಕೆ... ಅಷ್ಟೇ."

ಸುಳ್ಳು! ವೈದ್ಯೆ ಎಂದೋ ಹೇಳಿದ್ದರು, "ನಿಮ್ಮ ಹೃದಯಕ್ಕೆ ಏನೂ ಆಗಿಲ್ಲಮ್ಮ. ಇದು ಆತಂಕ. ಏರುತ್ತೆ, ತಾನೇ ಇಳಿಯುತ್ತೆ. ಬಂದಾಗ ಕೈಗೆ ಕೆಲಸ ಕೊಡಿ, ಉಸಿರನ್ನ ನಿಧಾನವಾಗಿ ಹೊರಗೆ ಬಿಡಿ. ಹತ್ತಿರದವರಿಗೆ ಹೇಳಿ."

ಕೈಗೆ ಕೆಲಸ ಸಿಕ್ಕಿತ್ತು. ಅವಳನ್ನು ಸಾಕಿದ ಅಜ್ಜಿಯ, ಕೈಯಿಂದ ತಿರುಗಿಸುವ ಹಿತ್ತಾಳೆಯ ಪುಟ್ಟ ಕಾಫಿ ಗಿರಣಿ! ಎದೆ ಹೊಡೆದುಕೊಂಡಾಗಲೆಲ್ಲ ಮೆರಿಮಾ ಅದನ್ನು ತಿರುಗಿಸುತ್ತಿದ್ದಳು. ಹೇಳುವುದು ಮಾತ್ರ ಆಗಲಿಲ್ಲ. ಟ್ರಾಮ್‌ಗೆ ಹೆದರುವ ಹುಡುಗಿಯನ್ನು ಯಾರು ಮೆಚ್ಚುತ್ತಾರೆ?

ವೇದಾದ್ ಮೆಚ್ಚಿದ, ಆ ಹೆದರಿಕೆ ತಿಳಿಯದೆಯೇ. ಚಳಿಗಾಲ ಮುಗಿಯುವಷ್ಟರಲ್ಲಿ ಅವನಿಗೆ ಅವಳಿಲ್ಲದ ಸಂಜೆಯೇ ಬೇಡವಾಯಿತು. ಒಂದು ಭಾನುವಾರ ತಾಯಿ ಹಾಯ್ರಿಯಾಳನ್ನು ಕರೆದುಕೊಂಡು ಹೆಣ್ಣು ಕೇಳಲು ಬಂದ.

ನಮ್ಮ ಬೋಸ್ನಿಯಾದಲ್ಲಿ ಕಾಫಿಗೂ ಬಾಯಿದೆ. ಮೊದಲ ಬಟ್ಟಲು 'ಬನ್ನಿ' ಅನ್ನುತ್ತದೆ. ಎರಡನೆಯದು 'ಕೂತು ಮಾತಾಡಿ' ಅನ್ನುತ್ತದೆ. ಮೂರನೆಯದು ಬಂತೋ, 'ಇನ್ನು ಎದ್ದು ಹೊರಡಿ' ಎಂದೇ ಅರ್ಥ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಎರಡನೇ ಬಟ್ಟಲಿನವರೆಗೂ ಎಲ್ಲ ಚೆನ್ನಾಗಿತ್ತು.

"ಮದುವೆಗೆ ದೊಡ್ಡ ಹಾಲ್ ಹಿಡಿಯೋಣ," ಹಾಯ್ರಿಯಾ ಉತ್ಸಾಹದಲ್ಲಿದ್ದಳು. "ಊರೆಲ್ಲ ಬರುತ್ತೆ. ಎಲ್ಲರ ಕಣ್ಣೂ ನಿನ್ನ ಮೇಲೇ! ಆಮೇಲೆ ನಮ್ಮನೆ... ಏಳನೇ ಮಹಡಿ, ಲಿಫ್ಟ್ ಇದೆ."

ಹಾಲ್... ಕಣ್ಣು... ಲಿಫ್ಟ್... ಮೆರಿಮಾಳ ಕಿವಿ ಗುಂಯ್‌ಗುಟ್ಟಿತು. ಎದ್ದು ಅಡುಗೆಮನೆಗೆ ಓಡಿದಳು. ಗಿರಣಿ ತಿರುಗಿಸಿದಳು, ತಿರುಗಿಸಿದಳು. ಪುಡಿಯಾಯಿತು, ಕೈ ನಿಲ್ಲಲಿಲ್ಲ. ನೀರು ಕುದಿಸಿ, ಬಟ್ಟಲು ತುಂಬಿ, ತಟ್ಟೆ ತಂದು ಅವರ ಮುಂದಿಟ್ಟಳು.

ಇಟ್ಟ ಮೇಲೆ ತಿಳಿಯಿತು, ಅದು ಮೂರನೆಯದು!

ಹಾಯ್ರಿಯಾ ಕೈಯಲ್ಲಿದ್ದ ಸಕ್ಕರೆಯ ತುಂಡನ್ನು ಕೆಳಗಿಟ್ಟಳು. "ಏಳೋ ಮಗನೇ. ನಮಗೆ ಮರ್ಯಾದೆ ಗೊತ್ತು."

"ಮೆರಿಮಾ?" ವೇದಾದ್ ಬಾಗಿಲಲ್ಲೇ ತಿರುಗಿದ. "ನಿಜವಾಗ್ಲೂ...?"

ಮಾತಾಡಲು ಅವಳಿಗೆ ಉಸಿರೇ ಇರಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

"ಹುಚ್ಚು ಹುಡುಗಿ," ಅಜ್ಜಿ ತಲೆ ಸವರಿದಳು. "ತಪ್ಪಾಯ್ತು ಅಂದ್ರೆ ಮುಗೀತು, ಅಲ್ವಾ?"

"ಯಾಕೆ ಹಾಗಾಯ್ತು ಅಂತಾನೂ ಹೇಳ್ಬೇಕಲ್ಲಜ್ಜಿ..."

"ಹೇಳದೆ ಅವನನ್ನ ಕಳ್ಕೊಳ್ತೀಯೋ, ಹೇಳಿ ನೋಡ್ತೀಯೋ?"

ಮರುದಿನ ಮೆರಿಮಾ ಗಿರಣಿಯನ್ನು ಚೀಲಕ್ಕೆ ಹಾಕಿಕೊಂಡು ಅದೇ ಟ್ರಾಮ್ ಹತ್ತಿದಳು. ಅರ್ಧ ದಾರಿಯಲ್ಲಿ ಎದೆ ಹೊಡೆದುಕೊಳ್ಳಲು ಶುರುವಾಯಿತು. ಇಳಿದುಬಿಡಲೇ? ಬೇಡ... ಪಕ್ಕದ ಮುದುಕಿಯತ್ತ ತಿರುಗಿದಳು.

"ಅಮ್ಮಾ, ನನಗೆ ಆತಂಕದ ತೊಂದರೆ ಇದೆ. ಒಂದು ಗಳಿಗೆ ಕೈ ಹಿಡ್ಕೊಳ್ತೀರಾ?"

"ಅದಕ್ಕೇನಂತೆ, ಕೊಡು. ನನ್ನ ಕೈನ ಯಾರಾದ್ರೂ ಹಿಡಿದು ಎಷ್ಟು ಕಾಲ ಆಯ್ತೋ!"

ಮೊದಲ ಸಲ ಹೊರಗಿನವರಿಗೆ ಹೇಳಿದ್ದಳು. ಆಕಾಶವೇನೂ ಕಳಚಿ ಬೀಳಲಿಲ್ಲ.

ವೇದಾದ್‌ನ ರಜಾಯಿ ಅಂಗಡಿಯಲ್ಲಿ ತಾಯಿ ಮಗ ಇಬ್ಬರೂ ಇದ್ದರು. ಹಾಯ್ರಿಯಾ ಮುಖ ತಿರುಗಿಸಿದಳು. ಮೆರಿಮಾ ಗಿರಣಿಯನ್ನು ಮೇಜಿನ ಮೇಲಿಟ್ಟಳು.

"ನಿಮ್ಮನ್ನ ಕಳಿಸೋಕೆ ಅಲ್ಲ... ನನಗೆ ಭಯ ಬಂದಿತ್ತು. ಭಯ ಬಂದಾಗ ಇದನ್ನ ತಿರುಗಿಸ್ತೀನಿ. ಅವತ್ತು ಟ್ರಾಮ್‌ನಲ್ಲೂ ಸೆಕೆ ಅಲ್ಲ, ವೇದಾದ್. ಅದು ಮತ್ತೆ ಬರುತ್ತೆ. ಮದುವೆ ದಿನಾನೂ ಬರಬಹುದು. ಇಂಥವಳು ಬೇಡ ಅಂದ್ರೆ..."

ಅತ್ತೇಬಿಟ್ಟಳು.

ಹಾಯ್ರಿಯಾ ಗಿರಣಿಯನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದಳು. "ಏಳನೇ ಮಹಡಿಗೆ ಲಿಫ್ಟ್ ಇದೆ ಅಂದೆನಲ್ಲ... ನಾನು ಅದನ್ನ ಹತ್ತೋದೇ ಇಲ್ಲ ಕಣೇ. ಯುದ್ಧದ ಕಾಲದಲ್ಲಿ ಕತ್ತಲೆ ನೆಲಮಾಳಿಗೆಯಲ್ಲಿ ಇದ್ದೆ. ಅವತ್ತಿನಿಂದ ಬಾಗಿಲು ಮುಚ್ಚಿದ್ರೆ ಎದೆ ಒಡೆದುಹೋಗುತ್ತೆ. ಮೆಟ್ಟಿಲು ಹತ್ತೋದು ಕಾಲಿಗೆ ವ್ಯಾಯಾಮ ಅಂತ ಇವನಿಗೆ ಸುಳ್ಳು ಹೇಳ್ತಾ ಬಂದಿದ್ದೀನಿ."

"ಅಮ್ಮಾ!" ವೇದಾದ್ ಬೆರಗಾದ.

"ಬಾಯಿ ಮುಚ್ಕೊಂಡು ಕಾಫಿಗೆ ನೀರಿಡೋ! ಮದುವೆಗೆ ಆ ದೊಡ್ಡ ಹಾಲ್ ಬೇಡ, ಈ ಅಂಗಡಿ ಹಿಂದಿನ ಅಂಗಳ ಸಾಕು." ಮೆರಿಮಾಳ ಕಣ್ಣೊರೆಸಿ ಅವಳು ಮನೆಗೆ ಹೊರಟಳು.

ಹೊಲಿದ ರಜಾಯಿಗಳ ನಡುವೆ ಇಬ್ಬರೂ ಒಂದು ಬಟ್ಟಲು ಕುಡಿದರು. ಇನ್ನೊಂದನ್ನೂ ಕುಡಿದರು. ಮೆರಿಮಾಳ ಕೈ ಮತ್ತೆ ಗಿರಣಿಯ ಕಡೆ ಹೋಯಿತು, ಅಲ್ಲೇ ನಿಂತಿತು.

"ಮಾಡು," ಎಂದ ವೇದಾದ್.

"ಮೂರನೇದು ಕಣೋ... ಏನಂತ ಗೊತ್ತಲ್ಲ?"

"ಗೊತ್ತು. ನಮ್ಮನೇಲಿ ಅದಕ್ಕೆ, 'ಮೆರಿಮಾಗೆ ಭಯವಾಗಿದೆ, ಹತ್ರ ಕೂತ್ಕೋ' ಅಂತ ಅರ್ಥ."

"ಹಾಗಾದ್ರೆ... ಕೂತ್ಕೋ."

ಅವನು ಹತ್ತಿರ ಸರಿದು ಕೂತ.